‘ಸಿ’ ಗುಂಪಿನ ಹುಡುಗ, ಎಂಟು ಹೊರೆ ಸೊಪ್ಪು

(ಇದು ಹತ್ತನೇ ತರಗತಿಯ ಗಣಿತ ಪಾಠದ ಒಂದು ಪ್ರಕರಣ. ಊರು, ಶಾಲೆ ಯಾವುದೆಂದು ಹೇಳಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರ ಬದಲಿಸಿದ್ದೇನೆ. ಹುಡುಗನನ್ನು ಶಿವು ಎಂದು ಕರೆದಿದ್ದೇನೆ. ಅದು ಅವನ ಹೆಸರಲ್ಲ.)

2024ರ ದಸರಾ ರಜೆ ಮುಗಿದ ಮೇಲಿನ ವಾರ. ಬೆಳಿಗ್ಗೆ ಒಂಬತ್ತರ ವಿಶೇಷ ತರಗತಿ. ಎರಡು ಸಂಖ್ಯೆ ಕೂಡಿದರೆ 7, ಕಳೆದರೆ 1, ನಕ್ಷೆ ಎಳೆದು ಬಿಡಿಸಿ ಅಂತ ಹಲಗೆ ಮೇಲೆ ಬರೆದೆ. ಶಿವು ಗ್ರಾಫ್ ಹಾಳೆ ತೆಗೆದ, ಸ್ಕೇಲು ಇಟ್ಟ, ನಾಲ್ಕೇ ನಿಮಿಷದಲ್ಲಿ ಎರಡು ಗೆರೆ ಎಳೆದು ಮುಗಿಸಿದ. ಅಕ್ಷಗಳಿಗೆ ಬಾಣದ ಗುರುತು, ಅಳತೆಯ ಪ್ರಮಾಣ, ಎಲ್ಲ ಅಚ್ಚುಕಟ್ಟು. ಗೆರೆಗಳು ಕೂಡಿದ್ದು ಮಾತ್ರ 3 ಮತ್ತು 2ರಲ್ಲಿ. ಬರಬೇಕಾದದ್ದು 4 ಮತ್ತು 3.

3 ಮತ್ತು 2 ಹಿಂದಿನ ದಿನದ ಲೆಕ್ಕದ ಉತ್ತರ. ಹಿಂದಿನ ದಿನ ಕೂಡಿದರೆ 5 ಎಂದಿತ್ತು. ‘ಇಲ್ಲಿ 7 ಇದೆಯಲ್ಲೋ, ನೋಡಲಿಲ್ವಾ?’ ಅಂದೆ. ಅವನು ಹಲಗೆ ನೋಡಿದ, ತನ್ನ ಹಾಳೆ ನೋಡಿದ. ‘ಪ್ಯಾಕೇಜಲ್ಲಿ ಇದೇ ಐತೆ ಸಾರ್’ ಅಂದ.

ಆ ಪ್ಯಾಕೇಜ್ ಮಾಡಿದವನು ನಾನೇ.

ಹಿನ್ನೆಲೆ

ನಮ್ಮದು ರೇಷ್ಮೆ ಬೆಳೆಯುವ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆ. ಆಂಧ್ರದ ಗಡಿ ದೂರವಿಲ್ಲ. ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಮಾತು ತೆಲುಗು. ನಾನು ಮಂಡ್ಯ ಕಡೆಯವನು. ಇಲ್ಲಿಗೆ ಬಂದು ಹನ್ನೊಂದು ವರ್ಷವಾದರೂ ನನ್ನ ತೆಲುಗು ಅಂಗಡಿ, ಬಸ್‌ಸ್ಟ್ಯಾಂಡ್ ದಾಟಿ ಮುಂದೆ ಹೋಗಿರಲಿಲ್ಲ. ಈ ಸಂಗತಿ ಮುಂದೆ ಬೇಕಾಗುತ್ತದೆ, ನೆನಪಿರಲಿ.

ಆ ವರ್ಷ ಹತ್ತನೇ ತರಗತಿಯಲ್ಲಿ 42 ಮಕ್ಕಳು. ಅರ್ಧವಾರ್ಷಿಕ ಪರೀಕ್ಷೆ ಮುಗಿದ ಕೂಡಲೇ ಮೂರು ಗುಂಪು ಮಾಡುವುದು ನಮ್ಮಲ್ಲಿ ನಡೆದುಬಂದ ಕ್ರಮ. ಚೆನ್ನಾಗಿ ಓದುವವರು ಎ, ನಡುವಿನವರು ಬಿ, ಪಾಸಾಗುವುದೇ ಅನುಮಾನ ಎನ್ನುವವರು ಸಿ. ಕಾಗದದಲ್ಲಿ ಸಿ ಗುಂಪಿಗೆ ‘ನಿಧಾನಗತಿಯ ಕಲಿಕೆಯವರು’ ಎಂಬ ಮರ್ಯಾದೆಯ ಹೆಸರಿದೆ. ಸ್ಟಾಫ್ ರೂಮಿನಲ್ಲಿ ಸಿ ಅಂದರೆ ಸಿ. ಆ ವರ್ಷ ಗಣಿತದಲ್ಲಿ ಸಿ ಗುಂಪಿಗೆ ಬಿದ್ದವರು 17 ಮಂದಿ. ಶಿವುಗೆ 80ಕ್ಕೆ 9 ಬಂದಿತ್ತು.

ಈ 17 ಮಂದಿಗೆ ಕೊಡುವುದು ಪಾಸಿಂಗ್ ಪ್ಯಾಕೇಜ್. ಮೂವತ್ತು ಪುಟದ ಜೆರಾಕ್ಸ್. ಮೂಲ ಸಮಾನುಪಾತತೆಯ ಪ್ರಮೇಯ, ನಾಲ್ಕು ನಕ್ಷೆ, ತ್ರಿಕೋನಮಿತಿಯ ಕೋಷ್ಟಕ, ಸರಾಸರಿಯ ಎರಡು ಲೆಕ್ಕ, ಹತ್ತಾರು ಸೂತ್ರ. ಆಂತರಿಕ ಮೌಲ್ಯಮಾಪನದ 20 ಅಂಕ ಶಾಲೆಯಲ್ಲೇ ಸಿಗುತ್ತದೆ. ಆಗಿನ ನಿಯಮದಂತೆ ಪಾಸಾಗಲು ಲಿಖಿತ ಪರೀಕ್ಷೆಯ 80ರಲ್ಲಿ 28 ಬರಬೇಕಿತ್ತು. ಪ್ರಶ್ನೆಪತ್ರಿಕೆಯ ನೀಲನಕ್ಷೆ ಮುಂದಿಟ್ಟುಕೊಂಡು 28 ಅಂಕಕ್ಕೆ ಎಷ್ಟು ಸಾಕೋ ಅಷ್ಟನ್ನು ಮಾತ್ರ ಆರಿಸಿ, ಅದನ್ನೇ ಮತ್ತೆ ಮತ್ತೆ ಬರೆಸುವುದು. ಉಳಿದ ಪಾಠ ಅವರ ಪಾಲಿಗೆ ಇಲ್ಲ. ಎ ಗುಂಪಿಗೆ ನಾನು ವರ್ಗ ಸಮೀಕರಣ ಹೇಳುವಾಗ ಸಿ ಗುಂಪು ಹಿಂದಿನ ಬೆಂಚಿನಲ್ಲಿ ಪ್ರಮೇಯವನ್ನು ಇಪ್ಪತ್ತನೇ ಸಲ ಬರೆಯುತ್ತಿರುತ್ತದೆ.

ಇದನ್ನು ದುರುದ್ದೇಶದಿಂದ ಯಾರೂ ಮಾಡುವುದಿಲ್ಲ. 2023ರಲ್ಲಿ ಎಸ್ಸೆಸ್ಸೆಲ್ಸಿಯ ರಾಜ್ಯ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅಲ್ಲಿಂದಾಚೆ ಪರಿಶೀಲನಾ ಸಭೆಗಳಲ್ಲಿ ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಶಾಲೆಯಲ್ಲಿ ಸಿ ಎಷ್ಟು, ಅವರಿಗೆ ಏನು ಮಾಡಿದ್ದೀರಿ? ಆ ಪ್ರಶ್ನೆಗೆ ಒಬ್ಬ ಮೇಷ್ಟ್ರು ತೋರಿಸಬಹುದಾದ ಸುಲಭದ ಉತ್ತರ ಪ್ಯಾಕೇಜ್. ಅದರಿಂದ ಮಕ್ಕಳು ಪಾಸಾಗುವುದೂ ನಿಜ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ, ಅದನ್ನು ಮರೆಮಾಚಿ ಈ ಪ್ರಕರಣ ಬರೆದರೆ ಮೋಸವಾಗುತ್ತದೆ.

ಶಿವುವಿನ ಹಳೆಯ ದಾಖಲೆ ತೆಗೆದು ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅವನು ಆರನೇ ತರಗತಿಯಲ್ಲಿದ್ದದ್ದು 2020-21ರಲ್ಲಿ. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ ವರ್ಷ. ವಿದ್ಯಾಗಮ ಎಂದು ಮೇಷ್ಟ್ರುಗಳು ಗುಡಿಯ ಜಗುಲಿ, ಅರಳಿಕಟ್ಟೆಯ ಮೇಲೆ ಸ್ವಲ್ಪ ದಿನ ಪಾಠ ಮಾಡಿದ್ದರು, ಆಮೇಲೆ ಅದೂ ನಿಂತಿತು. ಸೊನ್ನೆಗಿಂತ ಕಡಿಮೆಯ ಸಂಖ್ಯೆಗಳನ್ನು ಮಕ್ಕಳು ಮೊದಲು ಕಾಣುವುದು ಆರನೇ ತರಗತಿಯ ಪೂರ್ಣಾಂಕಗಳ ಪಾಠದಲ್ಲೇ. ಭಿನ್ನರಾಶಿ ಗಟ್ಟಿಯಾಗುವುದೂ ಅಲ್ಲೇ. ಶಿವು ಎಂಟಕ್ಕೆ ಬಂದಾಗ, ತಪ್ಪಿಹೋದ ಪಾಠ ತುಂಬಿಕೊಡಲೆಂದು ಕಲಿಕಾ ಚೇತರಿಕೆ ಕಾರ್ಯಕ್ರಮ ಬಂತು, ಅಷ್ಟು ಹೊತ್ತಿಗೆ ಅವನು ಗಣಿತದ ಪುಸ್ತಕವನ್ನು ನಕಲು ಮಾಡುವ ಪುಸ್ತಕ ಎಂದು ತೀರ್ಮಾನಿಸಿಯಾಗಿತ್ತು. ಎಂಟರವರೆಗೆ ಯಾರನ್ನೂ ಫೇಲ್ ಮಾಡುವಂತಿರಲಿಲ್ಲ. ಅದನ್ನು ನಾನು ತಪ್ಪೆನ್ನುವುದಿಲ್ಲ. ಫೇಲ್ ಮಾಡಿದ್ದರೆ ಅವನು ಅಲ್ಲೇ ಶಾಲೆ ಬಿಡುತ್ತಿದ್ದ. ಆದರೆ ಪಾಸು ಮಾಡಿ ಕಳಿಸಿದ ನಾಲ್ಕು ವರ್ಷದಲ್ಲಿ ಇವನಿಗೆ ಆರನೇ ತರಗತಿಯ ಗಣಿತ ಸಿಕ್ಕಿಲ್ಲ ಎಂಬ ಒಂದು ಸಾಲನ್ನು ಯಾರೂ ಎಲ್ಲೂ ಬರೆದಿರಲಿಲ್ಲ. ಒಂಬತ್ತರಲ್ಲಿ ಇವನಿಗೆ ಪಾಠ ಮಾಡಿದವನು ನಾನೇ. ನಾನೂ ಬರೆದಿರಲಿಲ್ಲ.

ಹುಳುಮನೆಯಲ್ಲಿ

ನವೆಂಬರ್ ಎರಡನೇ ವಾರ ಶಿವು ಐದು ದಿನ ಬರಲಿಲ್ಲ. ಮನೆಗೆ ಹೋದೆ. ಗದರಿಸಿ ಕರೆತರಬೇಕೆಂದೇ ಹೋದದ್ದು.

ಹುಳು ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ರೇಷ್ಮೆ ಸಾಕುವವರಿಗೆ ಇದರ ಅರ್ಥ ಹೇಳಬೇಕಿಲ್ಲ. ಉಳಿದವರಿಗೆ: ರೇಷ್ಮೆ ಹುಳು ಪೊರೆ ಬಿಡುವುದನ್ನು ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳು ಹಣ್ಣಾಗುವ, ಅಂದರೆ ಗೂಡು ಕಟ್ಟಲು ತಯಾರಾಗುವ ತನಕ ಒಂದು ವಾರ ತಿನ್ನುತ್ತದೆ ನೋಡಿ, ಹುಟ್ಟಿದಾಗಿನಿಂದ ತಿನ್ನುವ ಒಟ್ಟು ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲು ಆ ಒಂದು ವಾರದ್ದೇ. ಹುಳುಮನೆಯೊಳಗೆ ನಿಂತರೆ ಮಳೆ ಹನಿಯುತ್ತಿರುವಂಥ ಸದ್ದು. ಆ ವಾರ ಸೊಪ್ಪು ಕಡಿಮೆಯಾದರೆ ಗೂಡು ತೆಳುವಾಗುತ್ತದೆ. ಮನೆಯಲ್ಲಿ ಇರುವವರೆಲ್ಲ ಬೇಕು.

ನಾನು ಹೋದಾಗ ಅಪ್ಪ ಮಗ ಮರುದಿನದ ಸೊಪ್ಪಿನ ಲೆಕ್ಕದಲ್ಲಿದ್ದರು. ಬೇಕಾದದ್ದು ಇಪ್ಪತ್ತೆರಡು ಹೊರೆ, ತೋಟದಲ್ಲಿ ಸಿಗುವುದು ಹದಿನಾಲ್ಕು. ಪಕ್ಕದ ತೋಟದವನು ಹೊರೆಗೆ 180 ಕೇಳಿದ್ದ. ಅಪ್ಪ ಮಗನ ಮುಖ ನೋಡಿದ. ಶಿವು ಕೈಯಲ್ಲಿದ್ದ ಸೊಪ್ಪನ್ನು ಹರವುತ್ತಲೇ ತೆಲುಗಿನಲ್ಲಿ ಗೊಣಗಿಕೊಂಡ: ಎಂಟು ಇನ್ನೂರು ಹದಿನಾರು ನೂರು, ಅದರಲ್ಲಿ ನೂರರವತ್ತು ತೆಗೆದರೆ. ಆಮೇಲೆ ಅಪ್ಪನಿಗೆ ಹೇಳಿದ, ‘ಪದ್ನಾಲ್ಗೊಂದಲ ನಲಭೈ.’ 1,440.

ಐದಾರು ಸೆಕೆಂಡು ಹಿಡಿದಿರಬಹುದು. ನಾನು ಅಲ್ಲೇ ನಿಂತೆ. 180ನ್ನು 200ರಿಂದ 20 ಕಳೆದದ್ದು ಎಂದು ಒಡೆದು, ಎಂಟನ್ನು ಎರಡಕ್ಕೂ ಹಂಚಿ ಗುಣಿಸಿದ್ದಾನೆ ಹುಡುಗ. ವಿಭಾಜಕ ನಿಯಮ. ಅದೇ ನಿಯಮವನ್ನು ಆವರಣ ಚಿಹ್ನೆ ಹಾಕಿ ಹಲಗೆ ಮೇಲೆ ಬರೆದರೆ ಇವನು ತಲೆ ತಗ್ಗಿಸುತ್ತಾನೆ.

‘ಲೆಕ್ಕ ಚೆನ್ನಾಗಿ ಮಾಡ್ತಾನಲ್ಲ’ ಅಂದೆ ಅಪ್ಪನಿಗೆ. ಆತ ನಕ್ಕ. ‘ಎಲ್ಲಿ ಸಾರ್, ಇವನಿಗೆ ಲೆಕ್ಕ ಬರಲ್ಲ ಅಂತ ನೀವೇ ಕಾರ್ಡಲ್ಲಿ ಬರ್ದು ಕಳ್ಸಿದ್ದೀರಲ್ಲ!’

ಗೂಡಿನ ಮಾರುಕಟ್ಟೆಯ ಸಾವಿರಾರು ರೂಪಾಯಿಯ ಲೆಕ್ಕವನ್ನು ಮಗನ ಕೈಗೇ ಬಿಡುವ ಅಪ್ಪ, ಮಗನಿಗೆ ಲೆಕ್ಕ ಬರುವುದಿಲ್ಲ ಎಂಬ ನನ್ನ ಕೆಂಪು ಶಾಯಿಯನ್ನೂ ನಂಬಿದ್ದ. ಎರಡಕ್ಕೂ ಜಗಳವಿದೆ ಎಂದು ಆತನಿಗೆ ಅನಿಸಿರಲಿಲ್ಲ. ಮಗನಿಗೂ ಅನಿಸಿರಲಿಲ್ಲ. ಮನೆಯದು ಲೆಕ್ಕ, ಶಾಲೆಯದು ಗಣಿತ.

ಕೆಲವು ತಿಂಗಳ ಮೇಲೆ, 2025ರಲ್ಲಿ, ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ದೆಹಲಿ, ಕೋಲ್ಕತ್ತದ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಮೇಲೆ ಮಾಡಿದ ಅಧ್ಯಯನ ‘ನೇಚರ್’ ಪತ್ರಿಕೆಯಲ್ಲಿ ಬಂತು. ವ್ಯಾಪಾರದ ಲೆಕ್ಕವನ್ನು ಬಾಯಲ್ಲೇ ಬಿಡಿಸುವ ಮಕ್ಕಳು ಅಂಥದ್ದೇ ಲೆಕ್ಕವನ್ನು ಶಾಲೆಯ ರೂಪದಲ್ಲಿ ಕೊಟ್ಟರೆ ತಡವರಿಸುತ್ತಾರೆ. ಶಾಲೆಯಲ್ಲಷ್ಟೇ ಓದುವ ಮಕ್ಕಳು ವ್ಯಾಪಾರದ ಲೆಕ್ಕ ಕೊಟ್ಟರೆ ಹಾಗೇ ತಡವರಿಸುತ್ತಾರೆ. ಓದಿದಾಗ ನನಗೆ ಹುಳುಮನೆಯ ಆ ಸಂಜೆ ನೆನಪಾಯಿತು. ಆದರೆ ಆ ಸಂಜೆ ನನ್ನ ಬಳಿ ಯಾವ ಅಧ್ಯಯನವೂ ಇರಲಿಲ್ಲ. ಭಾರಿ ಉತ್ಸಾಹ ಮಾತ್ರ ಇತ್ತು. ಅದೇ ಕೆಲಸ ಕೆಡಿಸಿತು.

ನನ್ನ ಎಡವಟ್ಟು

ಗೂಡು ಮಾರಿ ಬಂದ ಮೇಲೆ ಶಿವು ಶಾಲೆಗೆ ಬಂದ. ಅವತ್ತೇ ಅವನನ್ನು ಹಲಗೆಯ ಮುಂದೆ ನಿಲ್ಲಿಸಿದೆ. ‘ಇವನ ಹತ್ರ ಎಲ್ಲರೂ ಕಲೀಬೇಕು. ಎಂಟು ಹೊರೆ ಸೊಪ್ಪಿನ ಲೆಕ್ಕ ಹೇಗೆ ಮಾಡ್ದೆ, ಹೇಳಪ್ಪ’ ಅಂದೆ.

ಅವನು ಬಾಯಿ ಬಿಡಲಿಲ್ಲ. ನಾನು ಬಿಡಲಿಲ್ಲ. ‘ಮೊನ್ನೆ ಹೇಳಿದ್ಯಲ್ಲ, ಹೇಳು.’ ಕೊನೆಗೆ ಕನ್ನಡದಲ್ಲಿ ಹೇಳಲು ಹೋಗಿ ತಡವರಿಸಿ 1,640 ಅಂದುಬಿಟ್ಟ. ಮುಂದಿನ ಬೆಂಚು ನಕ್ಕಿತು. ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ಅವನಿಗೆ ‘ಹುಳದ ಮೇಷ್ಟ್ರು’ ಅಂತ ಹೆಸರು ಬಿದ್ದಾಗಿತ್ತು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಈಗ ಮನೆಯಲ್ಲಿ ಹುಳುವಿರಲಿಲ್ಲ, ಕೆಲಸವೂ ಇರಲಿಲ್ಲ.

ಸೋತವನನ್ನು ಎತ್ತಿ ತೋರಿಸಿದರೆ ಅವನಿಗೆ ಧೈರ್ಯ ಬರುತ್ತದೆ ಅಂತ ನಾನು ತಿಳಿದಿದ್ದೆ. ಹದಿನೈದು ವರ್ಷದ ಹುಡುಗನಿಗೆ ಅದು ಧೈರ್ಯವಲ್ಲ, ಜಾತ್ರೆ. ಅವನು ನಾಲ್ಕು ವರ್ಷ ಪಾಡುಪಟ್ಟು ಮನೆಯನ್ನು ಮನೆಯಲ್ಲಿ, ಶಾಲೆಯನ್ನು ಶಾಲೆಯಲ್ಲಿ ಇಟ್ಟುಕೊಂಡಿದ್ದ. ನಾನು ಒಂದೇ ಗಂಟೆಯಲ್ಲಿ ಮನೆಯನ್ನು ತಂದು ಎಲ್ಲರ ಮುಂದೆ ಸುರಿದೆ.

ತಟ್ಟೆ

ಮೂರನೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಕ್ಷಮಿಸು ಅಂತ ಹೇಳಲು ನಾಲಿಗೆ ಬರಲಿಲ್ಲ, ಟೀ ಕುಡಿಸಿದೆ. ಏನೇನೋ ಮಾತಾಡಿದೆವು. ಚಿಕ್ಕಂದಿನಲ್ಲಿ ಶಾಲೆ ಹೇಗಿತ್ತು ಅಂತ ಕೇಳಿದೆ. ‘ನಲಿ-ಕಲಿ ಚೆನ್ನಾಗಿತ್ತು ಸಾರ್’ ಅಂದ. ಯಾಕೆ ಅಂದೆ.

‘ಅಲ್ಲಿ ತಟ್ಟೆ ಬದಲಾಗ್ತಿತ್ತು. ಇಲ್ಲಿ ಸಿ ಅಂದ್ರೆ ಸಿನೇ.’

ನಲಿ-ಕಲಿ ಗೊತ್ತಿಲ್ಲದವರಿಗೆ ಎರಡು ಮಾತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದದ್ದು, ಆಂಧ್ರದ ರಿಷಿ ವ್ಯಾಲಿ ಶಾಲೆಯ ಮಾದರಿ ನೋಡಿಬಂದ ನಮ್ಮ ಸರ್ಕಾರಿ ಶಾಲಾ ಮೇಷ್ಟ್ರುಗಳೇ ಕಟ್ಟಿದ್ದು. ಆಮೇಲೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದರಿಂದ ಮೂರನೇ ತರಗತಿಗೆ ಬಂತು. ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತಾರೆ, ಗುಂಪುಗುಂಪಾಗಿ ಕೂರುತ್ತಾರೆ. ಆ ಗುಂಪಿಗೆ ತಟ್ಟೆ ಎನ್ನುತ್ತಾರೆ. ಮೇಷ್ಟ್ರ ಪೂರ್ತಿ ಸಹಾಯ ಬೇಕಾದಾಗ ಒಂದು ತಟ್ಟೆ, ಗೆಳೆಯರ ಸಹಾಯ ಸಾಕಾದಾಗ ಇನ್ನೊಂದು, ತಾನೇ ಮಾಡಬಲ್ಲೆ ಅನ್ನುವಾಗ ಮತ್ತೊಂದು. ಜಾಣ ಮಗುವೂ ಹೊಸ ವಿಷಯ ಬಂದಾಗ ಮೊದಲ ತಟ್ಟೆಗೇ ಬರಬೇಕು. ಮಗು ಕೂತ ತಟ್ಟೆ ಅವತ್ತಿನ ಕೆಲಸವನ್ನು ಹೇಳುತ್ತದೆ, ಮಗುವನ್ನಲ್ಲ.

ನಲಿ-ಕಲಿಯ ಬಗ್ಗೆ ದೂರುಗಳಿವೆ, ನನಗೂ ಇವೆ. ಕಾರ್ಡು ಹರಿದಿರುತ್ತವೆ, ಮೂರು ತರಗತಿಗೆ ಒಬ್ಬರೇ ಟೀಚರು ಏಗಬೇಕಾಗುತ್ತದೆ. ಆದರೂ ಅಲ್ಲಿ ಗುಂಪು ನೀರಿನಂತೆ, ಹತ್ತಕ್ಕೆ ಬರುವ ಹೊತ್ತಿಗೆ ಅದೇ ಗುಂಪು ಹಚ್ಚೆಯಂತೆ. ಎರಡೂ ಒಂದೇ ಇಲಾಖೆಯವು, ಒಂದೇ ಹುಡುಗ ಎರಡರಲ್ಲೂ ಕೂತವನು. ನನಗೆ ಹನ್ನೊಂದು ವರ್ಷದಲ್ಲಿ ಹೊಳೆಯದ ವ್ಯತ್ಯಾಸ ಅವನಿಗೆ ಗೊತ್ತಿತ್ತು.

ಡಿಸೆಂಬರ್ ಒಂದರಿಂದ ಗಣಿತಕ್ಕೆ ಎ, ಬಿ, ಸಿ ತೆಗೆಯುತ್ತೇನೆ ಎಂದು ಮುಖ್ಯ ಶಿಕ್ಷಕಿಯವರಿಗೆ ಹೇಳಿದೆ. ನಿವೃತ್ತಿಗೆ ಎರಡು ವರ್ಷವಿದ್ದ, ಮಕ್ಕಳ ಮೇಲೆ ನಿಜವಾದ ಕಾಳಜಿಯಿದ್ದ ಹೆಣ್ಣುಮಗಳು. ‘ಮೇಷ್ಟ್ರೇ, ನಿಮ್ಮ ಪ್ರಯೋಗಕ್ಕೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಸಭೆಯಲ್ಲಿ ಎದ್ದು ನಿಂತು ಉತ್ತರ ಕೊಡೋಳು ನಾನು’ ಅಂದರು. ಸರಿಯಾದ ಮಾತೇ. ಕೊನೆಗೆ ಒಪ್ಪಂದವಾಯಿತು: ಗಣಿತ ಒಂದಕ್ಕೆ ಮಾತ್ರ, ಜನವರಿ ಕೊನೆಯವರೆಗೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಏನೂ ಏಳದಿದ್ದರೆ ಮತ್ತೆ ಪ್ಯಾಕೇಜ್. ಸಮಾಜ ವಿಜ್ಞಾನ, ವಿಜ್ಞಾನ, ಇಂಗ್ಲಿಷ್‌ನವರು ತಮ್ಮ ಪ್ಯಾಕೇಜ್ ಮುಂದುವರಿಸಿದರು.

ಎಫ್ ಅಂದರೆ ತೂಕ

ಮಾಡಿದ್ದು ದೊಡ್ಡದೇನಲ್ಲ. ನಾಲ್ಕು ನಾಲ್ಕು ಜನರ ಗುಂಪು, ಪ್ರತಿ ಪಾಠಕ್ಕೂ ಬದಲಾಗುವ ಗುಂಪು. ಮೊದಲ ಇಪ್ಪತ್ತು ನಿಮಿಷ ಆರನೇ ತರಗತಿಯ ಗಣಿತ, ಋಣ ಸಂಖ್ಯೆ ಮತ್ತು ಭಿನ್ನರಾಶಿ, ಎಲ್ಲರಿಗೂ. ಎ ಗುಂಪಿನಲ್ಲಿದ್ದ ಮಕ್ಕಳಲ್ಲೂ ಕಾಲುಭಾಗಕ್ಕೆ ‘ಮೈನಸ್ ಇಂಟು ಮೈನಸ್ ಪ್ಲಸ್’ ಎಂಬ ಮಂತ್ರ ಬರುತ್ತಿತ್ತು, ಯಾಕೆ ಎಂದರೆ ಬರುತ್ತಿರಲಿಲ್ಲ ಎಂದು ಗೊತ್ತಾದದ್ದು ಆಗಲೇ. ಇನ್ನೊಂದು ನಿಯಮ: ಉತ್ತರ ಹೇಳಿದರೆ ಸಾಲದು, ಹೇಗೆ ಬಂತು ಹೇಳಬೇಕು. ಯಾವ ಭಾಷೆಯಲ್ಲಾದರೂ ಸರಿ. ತೆಲುಗಿನಲ್ಲಿ ಹೇಳಿದ್ದನ್ನು ಪಕ್ಕದವರು ನನಗೆ ಕನ್ನಡದಲ್ಲಿ ತಿಳಿಸಬೇಕು. ತರಗತಿಯಲ್ಲಿ ಎಲ್ಲರ ಮುಂದೆ ಅರ್ಥವಾಗದೆ ಕೂರುವ ಸರದಿ ಈಗ ನನ್ನದು. ಮಕ್ಕಳಿಗೆ ಅದೇ ಖುಷಿ.

ಮೂರು ವಾರ ಶಿವು ಏನೂ ಹೇಳಲಿಲ್ಲ. ನಾನೂ ಅವನನ್ನು ಕೇಳಲಿಲ್ಲ, ಕೇಳಬಾರದೆಂದು ನಾಲಿಗೆ ಕಚ್ಚಿಕೊಂಡಿದ್ದೆ.

ಜನವರಿಯಲ್ಲಿ ಸಂಖ್ಯಾಶಾಸ್ತ್ರ ಬಂತು. ಯಾರ ಹೆಸರೂ ಎತ್ತದೆ ಹಲಗೆ ಮೇಲೆ ಒಂದು ಲೆಕ್ಕ ಬರೆದೆ. ಒಬ್ಬ ರೈತ 40 ಕಿಲೋ ಗೂಡನ್ನು ಕಿಲೋಗೆ 500ರಂತೆ, 10 ಕಿಲೋ ಗೂಡನ್ನು 400ರಂತೆ ಮಾರಿದ. ಸರಾಸರಿ ಬೆಲೆ ಎಷ್ಟು? ತರಗತಿಗೆ ಮೊದಲು ಬರುವ ಹುಡುಗಿ ತಟ್ಟನೆ 450 ಅಂದಳು. ಎರಡು ಬೆಲೆ ಕೂಡಿಸಿ ಎರಡರಿಂದ ಭಾಗಿಸಿದ್ದಳು. ಬಹಳ ಮಂದಿ ತಲೆಯಾಡಿಸಿದರು.

ಅದೇ ನಾಲ್ವರ ಗುಂಪಿನಲ್ಲಿ ಕೂತಿದ್ದ ಶಿವು ಅವಳಿಗೆ ಮಾತ್ರ ಕೇಳುವಂತೆ ಏನೋ ಹೇಳಿದ. ಅವಳು ಹುಬ್ಬು ಗಂಟಿಕ್ಕಿದಳು. ಅವನು ಅವಳ ಪುಸ್ತಕದ ಮೂಲೆಯಲ್ಲಿ ಬೆರಳಿಟ್ಟ. ಎರಡು ನಿಮಿಷದ ಮೇಲೆ ಅವಳೇ ಎದ್ದಳು. ‘ಸಾರ್, 450 ಅಲ್ಲ. ತೂಕ ಬೇರೆ ಬೇರೆ ಐತೆ, ಹಂಗೆ ಅರ್ಧ ಮಾಡಂಗಿಲ್ವಂತೆ. ಒಟ್ಟು 24,000 ರೂಪಾಯಿ ಬಂತು, ಒಟ್ಟು 50 ಕಿಲೋ. 480.’ ‘ಮಾಡಂಗಿಲ್ವಂತೆ’ ಎಂಬಲ್ಲಿ ಶಿವು ಇದ್ದ. ಆ ‘ಅಂತೆ’ಯನ್ನು ನಾನು ಹಾಗೆಯೇ ಬಿಟ್ಟೆ.

ಪಠ್ಯದಲ್ಲಿ ವರ್ಗೀಕೃತ ದತ್ತಾಂಶದ ಸರಾಸರಿಗೆ ಒಂದು ಸೂತ್ರವಿದೆ, ಎಫ್ ಮತ್ತು ಎಕ್ಸ್ ಗುಣಿಸಿ ಕೂಡಿ ಒಟ್ಟು ಎಫ್‌ನಿಂದ ಭಾಗಿಸುವುದು. ಪ್ಯಾಕೇಜಿನಲ್ಲಿ ಅದನ್ನು ನಾನು ಚೌಕಟ್ಟು ಹಾಕಿ ಕೊಟ್ಟಿದ್ದೆ. ಅವತ್ತು ಸೂತ್ರವನ್ನು ಆ ಲೆಕ್ಕದ ಪಕ್ಕದಲ್ಲಿ ಬರೆದು ಸುಮ್ಮನೆ ನಿಂತೆ. ಹಿಂದಿನ ಬೆಂಚಿನಿಂದ ಯಾರೋ, ಶಿವು ಅಲ್ಲ, ‘ಎಫ್ ಅಂದ್ರೆ ತೂಕ!’ ಅಂತ ಕೂಗಿದರು. ಇಷ್ಟು ವರ್ಷ ನಾನು ಎಫ್ ಅಂದರೆ ಆವೃತ್ತಿ ಎಂದು ಹೇಳಿಕೊಡುತ್ತಿದ್ದೆ. ತಪ್ಪೇನಲ್ಲ, ಆದರೆ ಆವೃತ್ತಿ ಎಂಬ ಶಬ್ದ ಯಾವ ಮನೆಯಲ್ಲೂ ಇಲ್ಲ.

ಆ ವಾರವೇ ಮೊದಲ ಬೆಂಚಿನ ಒಬ್ಬರ ತಂದೆ ಬಂದು, ಆರನೇ ಕ್ಲಾಸಿನ ಪಾಠ ಮಾಡುತ್ತ ಚೆನ್ನಾಗಿ ಓದುವವರನ್ನು ಹಾಳು ಮಾಡುತ್ತಿದ್ದೀರಿ ಎಂದು ಮುಖ್ಯ ಶಿಕ್ಷಕಿಯವರ ಮುಂದೆ ಜೋರು ಮಾಡಿದರು. ಅವರ ಮಗಳ ಅಂಕ ಕಡಿಮೆಯಾಗಿರಲಿಲ್ಲ. ಆದರೂ ಅವರ ಭಯ ಸುಳ್ಳಲ್ಲ. ಒಂದೊಂದು ಅಂಕಕ್ಕೂ ಒಳ್ಳೆಯ ಕಾಲೇಜಿನ ಸೀಟಿನ ಲೆಕ್ಕವಿರುವವರು. ಆವತ್ತಿನಿಂದ ಆರನೇ ತರಗತಿಯ ಪಾಠವನ್ನು ಹದಿನೈದು ನಿಮಿಷಕ್ಕೆ ಇಳಿಸಿದೆ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಆ 17 ಮಕ್ಕಳ ಸರಾಸರಿ 13ರಿಂದ 19ಕ್ಕೆ ಏರಿತ್ತು. ಏರಿದ್ದು ಹೌದು, 28ಕ್ಕೆ ಸಾಲದು. ಮಾತಿನಂತೆ ಫೆಬ್ರವರಿಯಲ್ಲಿ ಬೆಳಗಿನ ಪ್ಯಾಕೇಜ್ ತರಗತಿ ಮತ್ತೆ ಶುರುಮಾಡಿದೆ. ಒಂದು ಬದಲಾವಣೆ ಮಾತ್ರ ಕೇಳಿಕೊಂಡೆ: ಪಟ್ಟಿ ಬೇಡ, ಬೇಕಾದವರು ಬರಲಿ. 26 ಮಂದಿ ಬಂದರು. ಹಳೆಯ ಎ ಗುಂಪಿನ ನಾಲ್ವರೂ ಅದರಲ್ಲಿದ್ದರು.

ಏನಾಯಿತು

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ (ಇದರಲ್ಲಿ ಫೇಲಾದವರಿಗೆ ಆಮೇಲೆ ಪರೀಕ್ಷೆ-2) ಹಿಂದಿನ ವರ್ಷದ ಹೆಚ್ಚುವರಿ ಕೃಪಾಂಕ ಇರಲಿಲ್ಲ. ರಾಜ್ಯದ ಫಲಿತಾಂಶ ಶೇ 62.34. ನಮ್ಮಲ್ಲಿ 42ರಲ್ಲಿ 27 ಮಂದಿ ಪಾಸು, ಶೇ 64. ಹಿಂದಿನ ವರ್ಷ 45ಕ್ಕೆ 33 ಇತ್ತು. ಗಣಿತದಲ್ಲಿ ಆ 17 ಮಕ್ಕಳಲ್ಲಿ ಪಾಸಾದವರು 8.

ಅದೇ 17 ಮಕ್ಕಳಲ್ಲಿ ಸಮಾಜ ವಿಜ್ಞಾನದಲ್ಲಿ ಪಾಸಾದವರು 14. ಅಲ್ಲಿ ಪೂರಾ ಪ್ಯಾಕೇಜ್ ನಡೆದಿತ್ತು. ಗಣಿತ, ಸಮಾಜ ವಿಜ್ಞಾನ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ ಎಂದು ನಾನು ವಾದಿಸಬಹುದು, ಸ್ಟಾಫ್ ರೂಮಿನಲ್ಲಿ ವಾದಿಸಿಯೂ ನೋಡಿದೆ. ಸಹೋದ್ಯೋಗಿಯೊಬ್ಬರು ಮೆಲ್ಲಗೆ, ‘ಆ ಮಕ್ಕಳಿಗೆ ಮಾರ್ಕ್ಸ್ ಕಾರ್ಡು ಬೇಕು ಸಾರ್, ನಿಮ್ಮ ಯಾಕೆ, ಹೇಗೆ ಆಮೇಲೆ’ ಅಂದರು. ಇವತ್ತಿಗೂ ನನ್ನ ಬಳಿ ಆ ಮಾತಿಗೆ ಪೂರ್ತಿ ಉತ್ತರವಿಲ್ಲ. ಹತ್ತನೇ ತರಗತಿ ದಾಟದ ಹುಡುಗಿಗೆ ಮುಂದಿನ ಒಂದು ವರ್ಷ ಮನೆಯಲ್ಲಿ ಏನಾಗುತ್ತದೆ ಎಂದು ಈ ಕಡೆ ಎಲ್ಲರಿಗೂ ಗೊತ್ತು.

ಶಿವುಗೆ ಗಣಿತದಲ್ಲಿ 80ಕ್ಕೆ 24. ಫೇಲ್.

ಉತ್ತರಪತ್ರಿಕೆ

ಅರ್ಜಿ ಹಾಕಿ ಅವನ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿದೆವು. ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಕಲಿತದ್ದು ಆ ಹಾಳೆಗಳಿಂದ.

ಪ್ರಮೇಯವನ್ನು ಅರ್ಧಕ್ಕೆ ಬಿಟ್ಟಿದ್ದ. ಅಕ್ಟೋಬರಿನಲ್ಲಾಗಿದ್ದರೆ ಕಣ್ಣುಮುಚ್ಚಿ ಬರೆಯುತ್ತಿದ್ದ. ನಕ್ಷೆಯಲ್ಲಿ ಬಿಂದುಗಳು ಅವನವೇ, ಸರಿಯಾಗಿಯೇ ಇದ್ದವು. ವಾಕ್ಯರೂಪದ ಒಂದು ಲೆಕ್ಕಕ್ಕೆ, ಪ್ಯಾಕೇಜಿನಲ್ಲಿ ಎಂದೂ ಇಲ್ಲದ ಲೆಕ್ಕಕ್ಕೆ, ಉತ್ತರ ಸರಿಯಾಗಿ ಬರೆದಿದ್ದ. ಬರೀ ಉತ್ತರ. ಸಮೀಕರಣವಿಲ್ಲ, ಹಂತವಿಲ್ಲ, ಅಂಚಿನಲ್ಲಿ ಎರಡು ಮೂರು ಅಂಕಿ ಗೀಚಿ ಹೊಡೆದು ಹಾಕಿದ್ದ. ಸಿಕ್ಕಿದ್ದು ಒಂದು ಅಂಕ. ಇಂಥದ್ದು ಇನ್ನೂ ಎರಡು ಕಡೆ. ಮೂರೂ ಸೇರಿ ಆರು ಅಂಕ ಹೋಗಿತ್ತು. 24ಕ್ಕೆ ಆರು ಕೂಡಿಸಿ ನೋಡಿ.

ಮೌಲ್ಯಮಾಪಕರು ತಪ್ಪು ಮಾಡಿರಲಿಲ್ಲ. ಹಂತವಿಲ್ಲದ ಉತ್ತರಕ್ಕೆ ನಾನೂ ಅಷ್ಟೇ ಕೊಡುತ್ತಿದ್ದೆ. ತಪ್ಪು ನನ್ನದು. ‘ಹೇಗೆ ಬಂತು ಹೇಳು’ ಎಂದು ಎರಡು ತಿಂಗಳು ಕೇಳಿದೆ, ‘ಹೇಗೆ ಬಂತು ಬರೆ’ ಎಂದು ಕೇಳಲೇ ಇಲ್ಲ. ತೆಲುಗಿನಲ್ಲಿ ಯೋಚಿಸುವವನು ಕನ್ನಡದಲ್ಲಿ ಹಂತ ಬರೆಯಬೇಕಾದರೆ ನಡುವೆ ಒಂದು ಸೇತುವೆ ಬೇಕು. ಆ ಸೇತುವೆ ಪಕ್ಕದ ಹುಡುಗಿಯ ಬಾಯಲ್ಲಿತ್ತು. ಪರೀಕ್ಷಾ ಕೊಠಡಿಯಲ್ಲಿ ಅವಳು ಪಕ್ಕದಲ್ಲಿರುವುದಿಲ್ಲ.

ಫಲಿತಾಂಶ ಮೇ 2ರಂದು ಬಂದಿತ್ತು, ಪರೀಕ್ಷೆ-2 ಮೇ ಕೊನೆಗೆ. ಮೂರು ವಾರ. ರಜೆಯಲ್ಲಿ ಶಾಲೆಗೆ ಬಂದವರು ಐವರು. ಅವರೊಂದಿಗೆ ಮಾಡಿದ್ದು ಒಂದೇ ಕೆಲಸ. ಒಬ್ಬ ಲೆಕ್ಕವನ್ನು ತನ್ನ ಮಾತಿನಲ್ಲಿ ಬಾಯಲ್ಲಿ ಬಿಡಿಸುವುದು, ಇನ್ನೊಬ್ಬ ಅದನ್ನು ಒಂದು ಮಾತಿಗೆ ಒಂದು ಸಾಲಿನಂತೆ ಬರೆಯುವುದು. ಆಮೇಲೆ ಅದಲುಬದಲು. ಕೊನೆಯ ವಾರ ತನ್ನ ಮಾತಿಗೆ ತಾನೇ ಬರೆಯುವುದು. ‘ಎಂಟು ಇನ್ನೂರು ಹದಿನಾರು ನೂರು’ ಎಂಬುದು ಮೊದಲ ಸಾಲು, ‘ಅದರಲ್ಲಿ ನೂರರವತ್ತು ತೆಗೆದರೆ’ ಎರಡನೆಯ ಸಾಲು. ಆವರಣ ಚಿಹ್ನೆ ಎಲ್ಲಿ ಬರುತ್ತದೆಂದು ಶಿವು ತಾನೇ ತೋರಿಸಿದ. ಈ ಸಲ ನಗುವವರು ಯಾರೂ ಇರಲಿಲ್ಲ, ಎಲ್ಲರೂ ಫೇಲಾದವರೇ.

ಪರೀಕ್ಷೆ-2ರಲ್ಲಿ ಅವನಿಗೆ 37. ಐವರಲ್ಲಿ ನಾಲ್ವರು ಪಾಸು.

ಆ 17ರಲ್ಲಿ ಗಣಿತದಲ್ಲಿ ಮೊದಲ ಸಲ ಫೇಲಾದ 9 ಮಂದಿಯಲ್ಲಿ ಇಬ್ಬರು ಪರೀಕ್ಷೆ-2ಕ್ಕೆ ಹೆಸರನ್ನೇ ಕಟ್ಟಲಿಲ್ಲ. ಒಬ್ಬ ಬೆಂಗಳೂರಿಗೆ ಕೆಲಸಕ್ಕೆ ಹೋದ ಎಂದು ಗೊತ್ತು. ಇನ್ನೊಬ್ಬಳು ಹುಡುಗಿ, ಅವಳ ಮನೆಗೆ ಎರಡು ಸಲ ಹೋಗಿ ಬಂದೆ. ಇನ್ನಿಬ್ಬರು ಹೆಸರು ಕಟ್ಟಿಯೂ ತರಗತಿಗೆ ಬರಲಿಲ್ಲ, ಪಾಸೂ ಆಗಲಿಲ್ಲ.

ಷರಾ

ಶಿವು ಈಗ ಪಿಯುಸಿಯಲ್ಲಿ ಕಾಮರ್ಸ್ ಓದುತ್ತಿದ್ದಾನೆ. ಹುಳು ನಾಲ್ಕನೇ ಜ್ವರ ಎದ್ದಾಗ ಈಗಲೂ ಕಾಲೇಜಿಗೆ ಹೋಗುವುದಿಲ್ಲ.

ಈ ವರ್ಷವೂ ಅರ್ಧವಾರ್ಷಿಕ ಮುಗಿದ ಮೇಲೆ ಮಕ್ಕಳ ಪಟ್ಟಿ ತಯಾರಿಸಿದೆ. ಕ್ರಮಸಂಖ್ಯೆ, ಹೆಸರು, ಅಂಕ, ಗುಂಪು, ಷರಾ. ಷರಾ ಕಾಲಂನಲ್ಲಿ ಪ್ರತಿ ವರ್ಷ ‘ಪ್ರಗತಿ ಅಗತ್ಯ’ ಎಂದು ಮೇಲಿಂದ ಕೆಳಗೆ ಒಂದೇ ಮಾತು ಬರೆಯುತ್ತಿದ್ದೆ. ಈ ಸಲ ಒಂದೊಂದು ಮಗುವನ್ನು ಹತ್ತು ನಿಮಿಷ ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಲೆಕ್ಕ ಕೊಟ್ಟು, ಹೇಗೆ ಮಾಡುತ್ತಾರೆಂದು ನೋಡಿ ಬರೆದೆ. ಮುಗಿಸಲು ಎರಡು ವಾರ ಹಿಡಿಯಿತು. ‘ತೆಲುಗಿನಲ್ಲಿ ಎಣಿಸುತ್ತಾಳೆ, ಬರೆಯುವಾಗ ನಿಲ್ಲುತ್ತಾಳೆ.’ ‘ಬೆರಳು ಬಳಸುತ್ತಾನೆ, ಬೆಂಚಿನ ಕೆಳಗೆ.’ ‘ಉರ್ದುವಿನಲ್ಲಿ ಮಗ್ಗಿ ಬರುತ್ತದೆ, ಕನ್ನಡದಲ್ಲಿ ಇಲ್ಲ.’ ‘ಭಾಗಾಕಾರ ಕಂಡರೆ ಬಿಡುತ್ತಾನೆ, ಹಂಚಿಕೊಡು ಎಂದರೆ ಮಾಡುತ್ತಾನೆ.’

ಗುಂಪಿನ ಕಾಲಂ ಖಾಲಿ ಬಿಟ್ಟಿದ್ದೆ. ಮುಖ್ಯ ಶಿಕ್ಷಕಿಯವರು ಪಟ್ಟಿ ನೋಡಿ, ‘ಇದನ್ನ ಹೀಗೇ ಕಳಿಸಿದ್ರೆ ವಾಪಸ್ ಬರುತ್ತೆ’ ಅಂದರು. ಪೆನ್ಸಿಲ್ ತೆಗೆದುಕೊಂಡು ತಾವೇ ಎ, ಬಿ, ಸಿ ತುಂಬಿದರು. ಷರಾವನ್ನು ಅಳಿಸಲಿಲ್ಲ. ಪ್ರತಿ ಸಾಲನ್ನೂ ಓದುತ್ತ ಬಂದು ಒಂದು ಹೆಸರಿನ ಮೇಲೆ ಬೆರಳಿಟ್ಟು, ‘ಇವಳಿಗೆ ಕನ್ನಡ ಓದೋಕೂ ಹೀಗೇ ಆಗುತ್ತೆ ಅಲ್ವಾ?’ ಎಂದು ಕೇಳಿದರು.